ಪಾಲಾಕ್ಷಪ್ಪನ ಊಹೂಂ

ಓಡುತ್ತಿರುವ ಯಂತ್ರದ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಪಾಲಾಕ್ಷಪ್ಪ ಕಣ್ಣು ಮುಚ್ಚುತ್ತಿದ್ದ. ಸುತ್ತ ನಿಂತವರು ಕೆಮ್ಮು ಬಂದರೂ ತಡೆದುಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, "ಎಡಗಡಿ ಬೇರಿಂಗಿನಾಗ ಒಂದು ಗುಂಡು ಸೀಳೈತಿ, ಬಿಚ್ರಿ" ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಸೀಳಿಯೇ ಇರುತ್ತಿತ್ತು. ಹಡಗಲಿಯಲ್ಲಿ ಎಣ್ಣೆ ಗಾಣ ನಿಂತರೂ ಕೂಡ್ಲಿಗಿಯಲ್ಲಿ ಹಿಟ್ಟಿನ ಗಿರಣಿ ನಿಂತರೂ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟೂರಿಗೆ ಹೇಳಿ ಕಳುಹಿಸುತ್ತಿದ್ದರು. ಅವನು ಹೋಗಿ, ಸರಿಮಾಡಿ ಬರುವಾಗ ಹಿಂದಿನಿಂದ ಗಿರಣಿಯ ಸದ್ದು ಕೇಳುತ್ತಿತ್ತು.

ಅವನ ತಂದೆ ಗುರುಸಂಗಪ್ಪನದು ಬಜಾರಿನಲ್ಲಿ ಕಿರಾಣಿ ಅಂಗಡಿ. ಮಗನನ್ನು ದಾವಣಗೆರೆಗೆ ಕಳಿಸಿ ಡಿಪ್ಲೊಮಾ ಓದಿಸಿದ್ದರು. ಅಂಗಡಿಗೆ ಬಂದವರ ಮುಂದೆ ಮುದುಕ ನಗುತ್ತಲೇ ಹೇಳುತ್ತಿದ್ದರು: "ನನ್ನ ಮಗಗ ಕಬ್ಬಿಣ ಮಾತಾಡಿದ್ದು ಕೇಳ್ತೈತ್ರಿ. ಅವರವ್ವ ಊಟಕ್ಕ ಕರದಿದ್ದು ಕೇಳಂಗಿಲ್ಲ." ಎಲ್ಲರೂ ನಗುತ್ತಿದ್ದರು. ಆಗ ಅದು ನಗುವ ಮಾತೇ ಆಗಿತ್ತು.

ತೊಂಬತ್ನಾಲ್ಕರಲ್ಲಿ ಪಾಲಾಕ್ಷಪ್ಪ ಕೂಡ್ಲಿಗಿ ರಸ್ತೆಯಲ್ಲಿ ತನ್ನದೇ ಶೇಂಗಾ ಮಿಲ್ಲು ಹಾಕಿದ. ಕಾಯಿ ಒಡೆಯುವ ಮಷಿನ್ನು ಎಲ್ಲಿಂದಲೋ ತಂದದ್ದಲ್ಲ, ತಾನೇ ಯೋಚಿಸಿ, ತಾನೇ ಬೆಸುಗೆ ಹಾಕಿ ಮಾಡಿದ್ದು. ಬೇರೆ ಮಿಲ್ಲುಗಳಲ್ಲಿ ಕಾಯಿಯ ಜೊತೆ ಬೀಜವೂ ಒಡೆಯುತ್ತಿತ್ತು. ಒಡೆದ ಬೀಜ ಎಣ್ಣೆಗೆ ನಡೆಯುತ್ತದೆ, ಬಿತ್ತುವುದಕ್ಕೆ ಬರುವುದಿಲ್ಲ. ಇವನು ಲಾರಿ ಟೈರಿನ ರಬ್ಬರು ಕೊಯ್ದು ಒಳಗೆ ಹೊದಿಸಿದ್ದ. ಕಾಯಿಯ ಸಿಪ್ಪೆ ಮಾತ್ರ ಬಿರಿದು, ಬೀಜ ಕೆಂಪು ಪೊರೆ ಸಮೇತ ಇಡಿಯಾಗಿ ಉದುರುತ್ತಿತ್ತು. ತೆಲಿಗಿಯಿಂದ, ನೀಲಗುಂದದಿಂದ ರೈತರು ಬಸ್ಸು ಹತ್ತಿ ಬಂದು, ಬೀಜವನ್ನು ಅಂಗೈಯಲ್ಲಿ ಹೊರಳಿಸಿ ನೋಡಿ ಹೋಗುತ್ತಿದ್ದರು.

ಅವನಿಗಿದ್ದದ್ದು ಒಂದೇ ಆಸೆ. ಈ ಸೀಮೆಯ ಬಿತ್ತನೆ ಬೀಜವೆಲ್ಲ ತನ್ನ ಮಷಿನ್ನಿನ ಬಾಯಿಂದಲೇ ಬರಬೇಕು. ಊರಿನ ಇನ್ನೊಂದು ಮಿಲ್ಲು ಓಬಳೇಶಪ್ಪನದು. ಅವನ ಮಷಿನ್ನು ಬೀಜವನ್ನು ಅಗಿದು ಉಗುಳಿದ ಹಾಗೆ ಕೊಡುತ್ತಿತ್ತು. ಪಾಲಾಕ್ಷಪ್ಪನ ಮುಂದೆ ಅವನು ಯಾವ ಲೆಕ್ಕ ಎಂದು ಎಲ್ಲರೂ ಅಂದುಕೊಂಡಿದ್ದರು.

ಮಷಿನ್ನಿಗೆ ಕಾಯಿ ಸುರಿಯುವವನು ಹುಲುಗಣ್ಣ. ಬೆಲ್ಟು, ಗ್ರೀಸು ನೋಡುವವನು ಮಂಜಣ್ಣ, ಪಾಲಾಕ್ಷಪ್ಪನಿಗಿಂತ ವಯಸ್ಸಿನಲ್ಲಿ ದೊಡ್ಡವನು. ಉದುರಿದ ಬೀಜವನ್ನು ಮೊರದಲ್ಲಿ ಹಸನು ಮಾಡುವವರು ನಾವು ಹೆಂಗಸರು, ಮಷಿನ್ನಿನ ಎದುರಿಗೆ ಸಾಲಾಗಿ ಕೂರುತ್ತಿದ್ದೆವು.

ಒಂದು ದಿನ ಹುಲುಗಣ್ಣ ಹೊತ್ತು ಏರಿದ ಮೇಲೆ ಬಂದು ಬಾಗಿಲಲ್ಲೇ ನಿಂತ. ಟವೆಲ್ಲು ಕೈಯಲ್ಲಿ ಹಿಂಡುತ್ತಿದ್ದ.

"ಸಾವ್ಕಾರ್ರ, ನಿನ್ನಿ ಸಂಜಿಮುಂದ ನಮ್ಮವ್ವ ರೊಟ್ಟಿ ತಿಂದು ಕಟ್ಟಿಮ್ಯಾಲ ಕುಂತಿದ್ಲ್ರಿ. ಆರಾಮೇ ಇದ್ಲು..."

"ನಿಮ್ಮವ್ವ ತಿಂದ ರೊಟ್ಟಿ ಕತಿ ನನಗ್ಯಾಕೋ?" ಪಾಲಾಕ್ಷಪ್ಪ ಸ್ಪ್ಯಾನರಿನಿಂದ ತಲೆ ಎತ್ತಲಿಲ್ಲ. "ಇವತ್ತು ಕಾಯಿ ಹಾಕ್ತೀಯೇನು? ಹೂಂ ಅನ್ನು, ಇಲ್ಲಾ ಊಹೂಂ ಅನ್ನು."

"ಅದನ್ನ ಹೇಳಾಕತ್ತೀನ್ರಿ, ರಾತ್ರಿ ಮಕ್ಕಂಡಾಕಿ..."

"ಹೂಂ, ಊಹೂಂ. ನಡುವ ಏನೂ ಬ್ಯಾಡ."

ಹುಲುಗಣ್ಣ "ಊಹೂಂ" ಅಂದು ತಿರುಗಿ ಹೋದ. ಅವನ ತಾಯಿ ತೀರಿಕೊಂಡಿದ್ದು ನಮಗೆ ಮಧ್ಯಾಹ್ನ ತಿಳಿಯಿತು. ಯಾರೋ ಪಾಲಾಕ್ಷಪ್ಪನಿಗೆ ಹೇಳಿದರು. ಅವನ ಮುಖದಲ್ಲಿ ನಾಚಿಕೆ ಬರುತ್ತದೇನೋ ಎಂದು ನಾವೆಲ್ಲ ನೋಡುತ್ತಿದ್ದೆವು.

"ಸತ್ತಾಳ ಅಂತ ಮೊದ್ಲ ಅಂದಿದ್ರ ಒಂದ ಮಾತಿನಾಗ ಮುಗೀತಿತ್ತಲ್ಲ" ಅಂದ. ಸಿಟ್ಟಿನಿಂದ ಅಂದದ್ದಲ್ಲ. ಅವನಿಗೆ ನಿಜವಾಗಿ ಹಾಗೇ ಅನ್ನಿಸಿತ್ತು. ಅಂದಿನಿಂದ ಮಿಲ್ಲಿನಲ್ಲಿ ಅದೇ ಕಾನೂನಾಯಿತು. ಅವನು ಕೇಳಬೇಕು, ನಾವು ಹೂಂ ಅಥವಾ ಊಹೂಂ ಅನ್ನಬೇಕು. ಮಷಿನ್ನಿನ ಬಟನ್ನು ಒತ್ತಿದರೆ ಓಡುತ್ತದೆ, ಇನ್ನೊಂದು ಒತ್ತಿದರೆ ನಿಲ್ಲುತ್ತದೆ. ಹಾಗೆ.

ನಮ್ಮ ಸಾಲಿನಲ್ಲಿ ಪಕ್ಕೀರಮ್ಮ ಎಂಬ ಬಾಣಂತಿ ಇದ್ದಳು. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದಳು. ಮೊದಮೊದಲು ನಡುವೆ ಒಮ್ಮೆ ಓಡಿಹೋಗಿ ಹಾಲು ಕೊಟ್ಟು ಬರುತ್ತಿದ್ದಳು. ಕಾನೂನು ಬಂದ ಮೇಲೆ ಅವಳು ಎದ್ದು ನಿಂತರೆ ಪಾಲಾಕ್ಷಪ್ಪ ಕೇಳುತ್ತಿದ್ದ, "ನಿನ್ನ ಮೊರ ಮುಗದೈತೇನು?" ಮೊರ ಎಂದೂ ಮುಗಿಯುವುದಿಲ್ಲ, ಮೇಲಿನಿಂದ ಬೀಜ ಬೀಳುತ್ತಲೇ ಇರುತ್ತದೆ. "ಊಹೂಂ" ಅಂದು ಕುಳಿತುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಕುಪ್ಪಸ ಪೂರಾ ಒದ್ದೆಯಾಗಿ, ಹಾಲು ಮೊರದೊಳಗೆ ತೊಟ್ಟಿಕ್ಕುತ್ತಿತ್ತು. ಪಾಲಾಕ್ಷಪ್ಪ ಬಂದು ನಿಂತು ನೋಡಿದ. ಬಾಗಿ ಒಂದು ಬೀಜ ಎತ್ತಿಕೊಂಡು ಬೆರಳಲ್ಲಿ ಉಜ್ಜಿದ.

"ಸೋರೋದನ್ನ ಒಂದು ಬಟ್ಟಿ ಕಟ್ಟಿ ನಿಲ್ಸು. ಬೀಜಕ್ಕ ತೇವ ಹತ್ತಿದ್ರ ಬೂಷ್ಟು ಬರ್ತೈತಿ."

ಪೈಪಿನ ಬಗ್ಗೆ ಹೇಳಿದ ಹಾಗೆ ಹೇಳಿದ. ಪಕ್ಕೀರಮ್ಮ ಸೆರಗು ಮಡಚಿ ಎದೆಗೆ ಬಿಗಿದುಕೊಂಡು, ತಲೆ ತಗ್ಗಿಸಿ ಬೀಜ ಆರಿಸಿದಳು. ಮಾರನೆಯ ದಿನದಿಂದ ಓಬಳೇಶಪ್ಪನ ಮಿಲ್ಲಿಗೆ ಹೋದಳು. ಅಲ್ಲಿ ಧೂಳು ಹೆಚ್ಚು, ಮಷಿನ್ನು ಕಿವಿ ಹರಿಯುವ ಹಾಗೆ ಅರಚುತ್ತಿತ್ತು. ಆದರೆ ಓಬಳೇಶಪ್ಪ ಚಹಾ ಕುಡಿಯುತ್ತಾ ಎಲ್ಲರ ಕಥೆ ಕೇಳುತ್ತಿದ್ದ. ಕೇಳಿ ಏನೂ ಮಾಡುತ್ತಿರಲಿಲ್ಲ, ಅದು ಬೇರೆ ಮಾತು.

ಮಂಜಣ್ಣನ ಸರದಿ ಬಂದದ್ದು ಆಮೇಲೆ. ಒಂದು ಬೆಳಗ್ಗೆ ಪಾಲಾಕ್ಷಪ್ಪ ಕೇಳಿದ, "ಮ್ಯಾಗಿನ ಬೇರಿಂಗಿಗೆ ಗ್ರೀಸ್ ಹಚ್ಚಿಲ್ಲೇನು?"

"ಊಹೂಂ" ಅಂದ ಮಂಜಣ್ಣ. ಹಚ್ಚಿಲ್ಲ ಎಂದು ಅವನ ಅರ್ಥ. ನಮ್ಮ ಕಡೆ ಯಾರೇ ಆದರೂ ಹಾಗೇ ಅನ್ನುವುದು.

ಪಾಲಾಕ್ಷಪ್ಪನ ಮುಖ ಬಿಗಿಯಿತು. "ಲೇ ಮಂಜ, ಬಾ ಇಲ್ಲಿ. ನಾನು ಏನ್ ಕೇಳ್ದೆ? 'ಹಚ್ಚಿಲ್ಲೇನು' ಅಂದೆ. ನೀನು ಊಹೂಂ ಅಂದ್ರ, 'ಹಚ್ಚಿಲ್ಲ' ಅನ್ನೋದು ಸುಳ್ಳು ಅಂತಾತು. ಅಂದ್ರ ಹಚ್ಚೀಯ ಅಂತಾತು. ಹಚ್ಚೀಯೇನು?"

"ಇಲ್ರಿ, ಹಚ್ಚಿಲ್ರಿ. ಅದಕ್ಕ ಊಹೂಂ ಅಂದೆ."

"ಹಚ್ಚಿಲ್ಲ ಅಂದ್ರ ಹೂಂ ಅನ್ನಬೇಕು! ಇಲ್ಲ ಅಂತ ಕೇಳಿದಾಗ ಊಹೂಂ ಅಂದ್ರ ಐತಿ ಅಂತ ಅರ್ಥ. ಅನ್ನು."

ನಮ್ಮೆಲ್ಲರ ಎದುರಿಗೆ ನಿಲ್ಲಿಸಿ ಅನ್ನಿಸಿದ. ಇಲ್ಲಕ್ಕೆ ಊಹೂಂ ಅಂದ್ರ ಐತಿ. ಇಲ್ಲಕ್ಕೆ ಹೂಂ ಅಂದ್ರ ಇಲ್ಲ. ಮಂಜಣ್ಣನ ನಾಲಿಗೆ ಮತ್ತೆ ಮತ್ತೆ ಎಡವಿತು. ಮೀಸೆ ನೆರೆತ ಮನುಷ್ಯ ಶಾಲೆಯ ಹುಡುಗನ ಹಾಗೆ ಬೆವರಿದ. ಹೊಸದಾಗಿ ಬಂದಿದ್ದ ಒಬ್ಬಳು ಹೆಂಗಸು ಕಿಸಕ್ಕನೆ ನಕ್ಕಳು. ಅವಳು ನಕ್ಕದ್ದೇ ತಡ, ಪಾಲಾಕ್ಷಪ್ಪ ಡಬ್ಬಿಯಿಂದ ಒಂದು ಬೆರಳು ಗ್ರೀಸು ತೆಗೆದ.

"ಬಾಯಿ ತಗಿ. ಎಲ್ಲಿ ತಿರುಗಂಗಿಲ್ಲೋ ಅಲ್ಲಿ ಹಚ್ಚಬೇಕು."

ಮಂಜಣ್ಣ ಬಾಯಿ ತೆರೆದ. ಯಾಕೆ ತೆರೆದ ಎಂದು ಕೇಳಬೇಡಿ. ಪಾಲಾಕ್ಷಪ್ಪ ಅವನ ನಾಲಿಗೆಯ ಮೇಲೆ ಗ್ರೀಸು ಸವರಿ, ಬೆರಳನ್ನು ಅವನದೇ ಟವೆಲ್ಲಿಗೆ ಒರೆಸಿದ. ಮಂಜಣ್ಣ ಹೊರಗೆ ಹೋಗಿ ಉಗುಳಲಿಲ್ಲ. ನಿಂತಲ್ಲೇ ನುಂಗಿದ. ನುಂಗಿದ ಮೇಲೆ ಒಂದೂ ತಪ್ಪಿಲ್ಲದೆ ಪಾಠ ಒಪ್ಪಿಸಿದ.

"ಹಾಂ, ಈಗ ಸರಿ ತಿರುಗಾಕತ್ತೈತಿ ನೋಡು" ಅಂದು ಪಾಲಾಕ್ಷಪ್ಪ ನಕ್ಕ. ಅವನು ನಗುವುದು ಅಪರೂಪ. ಒಂದು ಕೆಟ್ಟದ್ದನ್ನು ಸರಿಮಾಡಿದ ತೃಪ್ತಿ ಆ ನಗುವಿನಲ್ಲಿತ್ತು.

ಆಮೇಲೆ ಮಿಲ್ಲಿನಲ್ಲಿ ಒಂದು ಆಟ ಶುರುವಾಯಿತು. ಕೇಳಿದ್ದಕ್ಕಷ್ಟೇ ಉತ್ತರ. ಬೆಲ್ಟು ಬಿರಿದಿದ್ದರೆ, "ಬೆಲ್ಟು ಬಿರಿದೈತೇನು" ಎಂದು ಅವನೇ ಕೇಳುವ ತನಕ ಯಾರೂ ಬಾಯಿ ಬಿಡುತ್ತಿರಲಿಲ್ಲ. ಚೀಲಕ್ಕೆ ಹೆಗ್ಗಣ ಬಿದ್ದರೂ ಅಷ್ಟೇ. ಊಟದ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಹುಲುಗಣ್ಣ ಅವನ ಹಾಗೆ ಕಣ್ಣು ಮುಚ್ಚಿ, ರೊಟ್ಟಿಯನ್ನು ಕಿವಿಗೆ ಹಿಡಿದು, "ಈ ರೊಟ್ಟಿಯಾಗ ಒಂದು ಜ್ವಾಳದ ಕಾಳು ಸೀಳೈತಿ" ಅನ್ನುತ್ತಿದ್ದ. ಹೆಂಗಸರು ನಕ್ಕು ನಕ್ಕು ಸಾಯುತ್ತಿದ್ದರು. ಮಂಜಣ್ಣ ಮಾತ್ರ ನಗುತ್ತಿರಲಿಲ್ಲ.

ಒಬ್ಬೊಬ್ಬರಾಗಿ ಜನ ಓಬಳೇಶಪ್ಪನ ಕಡೆ ಸರಿದರು. ಪಾಲಾಕ್ಷಪ್ಪನಿಗೆ ಅದು ಚಿಂತೆಯಾಗಲಿಲ್ಲ. ಬೇರಿಂಗು ಹೋದರೆ ಬೇರಿಂಗು, ಆಳು ಹೋದರೆ ಆಳು ಎಂದು ಹೊಸಬರನ್ನು ಕರೆತಂದ. ಮತ್ತೆ, ಆಳಿನ ಅಗತ್ಯವನ್ನೇ ಕಡಿಮೆ ಮಾಡುವ ದಾರಿ ಹುಡುಕಿದ. ಆಗೆಲ್ಲ ಮೂರು ಫೇಸ್ ಕರೆಂಟು ಹೇಳದೆ ಕೇಳದೆ ಹೋಗುವುದು, ಬರುವುದು. ಬಂದಾಗ ಯಾರೋ ಎದ್ದುಹೋಗಿ ಮಷಿನ್ನು ಚಾಲೂ ಮಾಡಬೇಕಿತ್ತು. ಅವನು ಒಂದು ಡಬ್ಬಿ ಜೋಡಿಸಿದ. ಕರೆಂಟು ಬಂದರೆ ಅದರ ಮೇಲೆ ಕೆಂಪು ದೀಪ ಹತ್ತುತ್ತದೆ. ಒಂದಿಷ್ಟು ಹೊತ್ತು ಬಿಟ್ಟು, ಯಾರೂ ಮುಟ್ಟದೆಯೇ ಮಷಿನ್ನು ತಾನೇ ಓಡುತ್ತದೆ. ನೋಡಲು ಬಂದವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ನಿಜಕ್ಕೂ ದೊಡ್ಡ ತಲೆ ಅವನದು.

ಮಷಿನ್ನಿನ ಕೆಳಗೆ ಒಂದು ಗುಂಡಿ ಇತ್ತು. ಅದರಲ್ಲಿ ಸುರಿದ ಕಾಯಿಯನ್ನು ಬಕೆಟ್ಟುಗಳ ಪಟ್ಟಿಯೊಂದು ಮೇಲೆತ್ತುತ್ತಿತ್ತು. ಆಗಾಗ ಕಾಯಿ ಸಿಕ್ಕಿಕೊಂಡರೆ ಗುಂಡಿಗೆ ಇಳಿದು ಕೈಯಿಂದ ಬಿಡಿಸಬೇಕು. ಹಾಗೆ ಯಾರಾದರೂ ಇಳಿಯುವಾಗ ಹುಲುಗಣ್ಣ ಗೋಡೆಯ ಫ್ಯೂಸು ಕಿತ್ತು ತನ್ನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಯಾರೂ ಅವನಿಗೆ ಹೇಳಿದ್ದಲ್ಲ. ಅವನ ರೂಢಿ.

ತೊಂಬತ್ತೆಂಟರ ಬೇಸಿಗೆಯಲ್ಲಿ ಪಾಲಾಕ್ಷಪ್ಪನ ಆಸೆ ಕೈಗೆ ಬರುವ ಹಾಗಾಯಿತು. ಹರಪನಹಳ್ಳಿ ಕಡೆಯ ಬೀಜದ ವ್ಯಾಪಾರಸ್ಥರು ಸೋಮವಾರ ಬಂದು ಮಷಿನ್ನು ನೋಡುತ್ತೇವೆ, ಒಪ್ಪಿಗೆಯಾದರೆ ಮುಂಗಾರಿನ ಬಿತ್ತನೆ ಬೀಜವೆಲ್ಲ ನಿಮ್ಮಲ್ಲೇ ಎಂದು ಹೇಳಿ ಕಳುಹಿಸಿದ್ದರು. ಅದಕ್ಕೆ ಎರಡು ದಿನ ಮುಂಚೆ ಹುಲುಗಣ್ಣ ಕೆಲಸ ಬಿಟ್ಟ. ಪಾಲಾಕ್ಷಪ್ಪನ ಹೆಂಡತಿ ಕಲ್ಯಾಣಮ್ಮ ಬುತ್ತಿ ತಂದಿದ್ದಳು. ಗಂಡನಿಗೆ ಮೆಲ್ಲಗೆ ಹೇಳಿದಳು:

"ಹುಲುಗಣ್ಣನ್ನ ಒಂದ್ಮಾತು ಕರದು ಕೇಳ್ರಿ. ಅವರವ್ವ ಸತ್ತಾಗಿಂದ ಅವನ ಹೊಟ್ಟ್ಯಾಗ..."

"ಹೋಗ್ತೀನಿ ಅಂದಾನೇನು?"

"ಹೂಂ, ಆದ್ರ..."

"ಹೂಂ ಅಂದೆಲ್ಲ, ಮುಗೀತು."

ಕಲ್ಯಾಣಮ್ಮ ಬುತ್ತಿಯ ಡಬ್ಬಿ ಅಲ್ಲೇ ಇಟ್ಟು ಹೋದಳು. ಅತ್ತ ಹುಲುಗಣ್ಣ ಬಾಗಿಲಲ್ಲಿ ಮಂಜಣ್ಣನನ್ನು ಕರೆಯುತ್ತಿದ್ದ, "ಬಾರೋ ಮಂಜಣ್ಣ, ಇನ್ನೂ ಏನ್ ತಿನ್ನಬೇಕಂತ ಇಲ್ಲಿ ಕುಂತೀಯ?"

"ನೀನು ನಡಿ" ಅಂದ ಮಂಜಣ್ಣ. "ನನ್ನದು ಕಲ್ತ ಪಾಠ ಒಂದು ಐತಿ. ಒಪ್ಪಿಸಿ ಬರ್ತೀನಿ."

ಹುಲುಗಣ್ಣ ನಕ್ಕ. ತಮಾಷೆ ಎಂದೇ ನಾವೂ ಅಂದುಕೊಂಡೆವು.

ಸೋಮವಾರ ಬೆಳಗ್ಗೆ ಪಾಲಾಕ್ಷಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಕಾಯಿ ಸುರಿಯಲು ಹಿರೇಹಡಗಲಿಯ ಒಬ್ಬ ಹೊಸಬ. ಅವನು ಅವಸರದಲ್ಲಿ ಗುಂಡಿ ತುಂಬಾ ಕಾಯಿ ಸುರಿದು, ಪಟ್ಟಿ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ಕರೆಂಟೂ ಹೋಯಿತು. ವ್ಯಾಪಾರಸ್ಥರ ಜೀಪು ಹೊರಟಿದೆ ಎಂದು ಸುದ್ದಿ ಬಂದಿತ್ತು. ಪಾಲಾಕ್ಷಪ್ಪ ಹೊಸಬನನ್ನು ನಂಬಲಿಲ್ಲ. ಅಂಗಿಯ ತೋಳು ಮಡಚಿ ತಾನೇ ಗುಂಡಿಗೆ ಇಳಿದ. ಫ್ಯೂಸು ಗೋಡೆಯಲ್ಲೇ ಇತ್ತು. ಅದನ್ನು ಕೀಳುವವನು ಆಗ ಓಬಳೇಶಪ್ಪನ ಮಿಲ್ಲಿನಲ್ಲಿ ಚಹಾ ಕುಡಿಯುತ್ತಿದ್ದ.

ಮಂಜಣ್ಣ ಆ ಕೆಂಪು ದೀಪದ ಡಬ್ಬಿಯ ಪಕ್ಕದಲ್ಲೇ ನಿಂತಿದ್ದ. ಗುಂಡಿಯೊಳಗಿನಿಂದ ಕಾಯಿ ಕೆದಕುವ ಸದ್ದು ಕೇಳುತ್ತಿತ್ತು. ಅಷ್ಟರಲ್ಲಿ ದೀಪ ಹತ್ತಿತು. ನಮ್ಮೆಲ್ಲರಿಗೂ ಕಾಣುವ ಹಾಗೆ ಹತ್ತಿತು. ಮೊರ ಆಡಿಸುತ್ತಿದ್ದ ಕೈಗಳು ನಿಂತವು. ಆ ನಿಂತ ಸದ್ದು ಗುಂಡಿಯಲ್ಲಿದ್ದ ಪಾಲಾಕ್ಷಪ್ಪನಿಗೆ ಕೇಳಿಸಿರಬೇಕು, ಕಿವಿ ಅಂಥದು.

"ಲೇ ಮಂಜ, ಕರೆಂಟು ಬಂದಿಲ್ಲೇನು?"

ಮಂಜಣ್ಣ ದೀಪ ನೋಡಿದ. ಆಮೇಲೆ ಗುಂಡಿಯ ಕಡೆ ನೋಡಿದ.

"ಊಹೂಂ" ಅಂದ.

ಸ್ಪಷ್ಟವಾಗಿ, ಗಟ್ಟಿಯಾಗಿ, ಕಲಿಸಿದ ಹಾಗೆ ಅಂದ. ಇಲ್ಲಕ್ಕೆ ಊಹೂಂ ಅಂದರೆ ಐತಿ. ಪಾಲಾಕ್ಷಪ್ಪನ ಕಾನೂನಿನ ಪ್ರಕಾರ ಕರೆಂಟು ಬಂದಿದೆ, ಹೊರಗೆ ಬಾ ಎಂದು ಅರ್ಥ. ಆದರೆ ಕುತ್ತಿಗೆಯ ತನಕ ಕಾಯಿಯಲ್ಲಿ ಹೂತು, ಜೀಪಿನ ದಾರಿ ಕಾಯುತ್ತಿದ್ದ ಪಾಲಾಕ್ಷಪ್ಪ ಆ ಕ್ಷಣ ಕಾನೂನು ಮರೆತಿದ್ದ. ಎಲ್ಲರೂ ಕೇಳಿಸಿಕೊಳ್ಳುವ ಹಾಗೆ, ತನ್ನ ಅವ್ವ ಕಲಿಸಿದ ಭಾಷೆಯಲ್ಲಿ ಕೇಳಿಸಿಕೊಂಡ. ಬಂದಿಲ್ಲ ಎಂದು ತಿಳಿದು ಬಲಗೈಯನ್ನು ಪಟ್ಟಿಯ ಸಂದಿಗೆ ತೂರಿಸಿದ.

ಮಷಿನ್ನು ಎಷ್ಟು ಹೊತ್ತು ಕಾಯಬೇಕೋ ಅಷ್ಟು ಹೊತ್ತು ಕಾಯಿತು. ಆಮೇಲೆ ಓಡಿತು.

ಕೂಗು ಕೇಳಿದ ಕೂಡಲೇ ನಿಲ್ಲಿಸುವ ಬಟನ್ನು ಒತ್ತಿದವನು ಮಂಜಣ್ಣನೇ. ಗುಂಡಿಗೆ ಜಿಗಿದು, ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ, ಅವನನ್ನು ಎತ್ತಿಕೊಂಡು ಬಂದವನೂ ಅವನೇ. ತನ್ನ ಟವೆಲ್ಲನ್ನೇ ಸುತ್ತಿದ. ಬಿಳಿ ಅಂಗಿ ಬಿಳಿಯಾಗಿರಲಿಲ್ಲ. ಮೊದಲು ಊರಿನ ಡಾಕ್ಟರ ಹತ್ತಿರ, ಅಲ್ಲಿಂದ ದಾವಣಗೆರೆಗೆ. ದಾರಿಯುದ್ದಕ್ಕೂ ಮಂಜಣ್ಣ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದನಂತೆ.

ಅವರು ಹೋದ ಸ್ವಲ್ಪ ಹೊತ್ತಿಗೆ ಹರಪನಹಳ್ಳಿಯವರ ಜೀಪು ಬಂತು. ಮಷಿನ್ನು ಓಡಿದ ಅಷ್ಟು ಹೊತ್ತಿನಲ್ಲಿ ಮೊದಲೇ ಮೇಲೇರಿದ್ದ ಕಾಯಿ ಒಡೆದು ಒಂದಿಷ್ಟು ಬೀಜ ಉದುರಿತ್ತು. ಅವರಲ್ಲಿ ಒಬ್ಬ ಕೈಯಲ್ಲಿ ಹಿಡಿದು ನೋಡಿದ. ಒಂದು ಬೀಜವೂ ಒಡೆದಿರಲಿಲ್ಲ.

"ಬೀಜ ಭಾಳ ಛಲೋ ಅದಾವು" ಅಂದ. "ಸಾವ್ಕಾರ್ರು ಎಲ್ಲಿ ಹೋಗ್ಯಾರ?"

ಹೂಂ, ಊಹೂಂನಲ್ಲಿ ಹೇಳುವಂಥ ಪ್ರಶ್ನೆಯಲ್ಲ ಅದು. ಗುಂಡಿಯ ಕಡೆ ಕಣ್ಣು ಹೋದ ಮೇಲೆ ಅವರೇ ಬೀಜವನ್ನು ಕೆಳಗೆ ಹಾಕಿ, ಕೈ ಒರೆಸಿಕೊಂಡು, ಓಬಳೇಶಪ್ಪನ ಮಿಲ್ಲಿಗೆ ದಾರಿ ಕೇಳಿದರು.

ಪಾಲಾಕ್ಷಪ್ಪ ಬಲಗೈ ಮಣಿಕಟ್ಟಿನಿಂದ ಆಚೆಗೆ ಇಲ್ಲದೆ ಮನೆಗೆ ಬಂದ. ಮಿಲ್ಲಿಗೆ ಯಾರೂ ಕೆಲಸಕ್ಕೆ ಬರಲಿಲ್ಲ. ಅವನನ್ನು ನೋಡಲು ಮನೆಗೂ ಹೆಚ್ಚು ಜನ ಬರಲಿಲ್ಲ. ದೀಪಾವಳಿಯ ಮುಂಚೆ ಆ ಮಷಿನ್ನನ್ನು ಓಬಳೇಶಪ್ಪನೇ ಕೊಂಡುಕೊಂಡ. ಅದನ್ನು ಬಿಚ್ಚಿ ಸಾಗಿಸುವ ಕೆಲಸಕ್ಕೆ ಮಂಜಣ್ಣ ಬಂದ. ಎರಡು ನಟ್ಟು ಬಿಚ್ಚಲಿಲ್ಲವೆಂದು ಕೇಳಲು ಪಾಲಾಕ್ಷಪ್ಪನ ಮನೆಗೆ ಹೋದ. ಆಗ ಅವರ ಮನೆಗೆಲಸಕ್ಕೆ ಹೋಗುತ್ತಿದ್ದ ನಾನು ಕಲ್ಯಾಣಮ್ಮನ ಜೊತೆ ಒಳಗೆ ರೊಟ್ಟಿ ತಟ್ಟುತ್ತಿದ್ದೆ.

"ಅವು ಉಲ್ಟಾ ತಿರುಪಿನ ನಟ್ಟು" ಎಂದು ಪಾಲಾಕ್ಷಪ್ಪ ಉತ್ಸಾಹದಿಂದ ಎದ್ದು ಕುಳಿತ. "ಬಲಕ್ಕ ತಿರುವಿದ್ರ ಬಿಚ್ತಾವು. ಬೆಲ್ಟು ಎಡಕ್ಕ ಎಳೀತೈತಲ್ಲ, ಸಡ್ಲ ಆಗಬಾರದು ಅಂತ ಹಂಗ ಮಾಡೀನಿ." ಇಲ್ಲದ ಬಲಗೈಯನ್ನು ಎತ್ತಿ ತಿರುಗಿಸಿ ತೋರಿಸಿದ. ರಬ್ಬರನ್ನು ಎಷ್ಟು ಬಿಗಿ ಮಾಡಬೇಕು, ಯಾವ ಸದ್ದು ಬಂದರೆ ಸಡಿಲಿಸಬೇಕು, ಎಲ್ಲ ಬಿಡಿಸಿ ಬಿಡಿಸಿ ಹೇಳಿದ. ಒಬ್ಬ ಮನುಷ್ಯನ ಎದುರು ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಂಜಣ್ಣ ಎಲ್ಲ ಕೇಳಿಕೊಂಡು ಎದ್ದ.

"ಮಂಜಣ್ಣ" ಅಂದ ಪಾಲಾಕ್ಷಪ್ಪ. ಹಿಂದೆ ಎಂದೂ ಅವನನ್ನು ಹಾಗೆ ಕರೆದಿರಲಿಲ್ಲ. "ಆವತ್ತು ನೀನು ಬೇಕಂತ ಮಾಡಿಲ್ಲಲ್ಲ?"

ರೊಟ್ಟಿ ತಟ್ಟುತ್ತಿದ್ದ ಕಲ್ಯಾಣಮ್ಮನ ಕೈ ನಿಂತಿತು.

"ಊಹೂಂ" ಅಂದ ಮಂಜಣ್ಣ.

ಪಾಲಾಕ್ಷಪ್ಪನ ಮುಖ ಹಗುರಾಯಿತು. ಒಂದೇ ಒಂದು ಉಸಿರಿನಷ್ಟು ಹೊತ್ತು. ಆಮೇಲೆ ತಾನೇ ಕಲಿಸಿದ ಪಾಠ ನೆನಪಾಯಿತು. ಹಗುರಾದ ಮುಖ ಹಾಗೇ ನಿಂತು ಬಣ್ಣ ಕಳೆದುಕೊಂಡಿತು.

"ಹಂಗಂದ್ರ... ಹೆಂಗೋ? ಯಾವ ಊಹೂಂ ಅದು? ಬಿಡಿಸಿ ಹೇಳೋ ಮಂಜಣ್ಣ. ಕುಂದ್ರು, ಚಾ ಕುಡದು ಹೋಗುವಂತಿ. ಎಷ್ಟೊತ್ತಾದ್ರೂ ಆಗಲಿ, ಹೇಳು."

ಮಂಜಣ್ಣ ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ. ತಿರುಗಿ ನೋಡಿದ.

"ಸಾವ್ಕಾರ್ರ, ನಡುವ ಏನೂ ಬ್ಯಾಡ ಅಂದೋರು ನೀವಲ್ಲೇನ್ರಿ" ಅಂದು ಮೆಟ್ಟಿಲು ಇಳಿದ.

ಪಾಲಾಕ್ಷಪ್ಪ ಕಣ್ಣು ಮುಚ್ಚಿ, ಓಣಿಯಲ್ಲಿ ದೂರ ಹೋಗುತ್ತಿದ್ದ ಚಪ್ಪಲಿಯ ಸದ್ದಿಗೆ ಕಿವಿಗೊಟ್ಟು ಕುಳಿತ. ಬೇರಿಂಗಿನ ಸದ್ದು ಕೇಳುವಾಗ ಕೂರುತ್ತಿದ್ದ ಹಾಗೆಯೇ. ಸದ್ದು ನಿಂತ ಮೇಲೂ ಕಣ್ಣು ತೆರೆಯಲಿಲ್ಲ. ಕಲ್ಯಾಣಮ್ಮ ತಟ್ಟೆಗೆ ರೊಟ್ಟಿ ಹಾಕಿಕೊಂಡು ಹೋಗಿ ಮುಂದಿಟ್ಟು ಕೇಳಿದಳು:

"ಊಟ ಮಾಡಂಗಿಲ್ಲೇನು?"

ಅವನು ಬಾಯಿ ತೆರೆದ. ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ತಿಳಿಯದೆ ಹಾಗೇ ಮುಚ್ಚಿಕೊಂಡ. ಕಲ್ಯಾಣಮ್ಮ ತಟ್ಟೆಯನ್ನು ಒಳಗೆ ತೆಗೆದುಕೊಂಡು ಬಂದಳು.